ಸಾಲಗಾರನ ಪುಟ

ಒಬ್ಬ ಮನುಷ್ಯ ಮಾಡಿದ ಸಾಲದ ಸುದ್ದಿ ಯಾರ ಸೊತ್ತು? ಕೊಟ್ಟವನದೆ, ತೆಗೆದುಕೊಂಡವನದೆ, ಊರವರದೆ, ಇಲ್ಲವೆ ಸರ್ಕಾರದ್ದೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮ ಸೀಮೆಯ ಹಳೆಯ ಲೆಕ್ಕದ ಪುಸ್ತಕಗಳಿಂದ ಇಂದಿನ ಗಣಕಯಂತ್ರದವರೆಗಿನ ದಾರಿಯನ್ನು ಒಮ್ಮೆ ನಡೆದು ನೋಡಬೇಕೆಂಬುದು ಈ ಮಾತಿನ ಉದ್ದೇಶ. ಕ್ರೆಡಿಟ್ ಬ್ಯೂರೋ, ಸಾಲ ಮಾಹಿತಿ ಕಂಪನಿ ಎಂಬ ಹೆಸರುಗಳನ್ನು ಕೇಳಿದರೆ ಇದು ಮುಂಬಯಿಯವರ ವ್ಯವಹಾರ, ನಮ್ಮದಲ್ಲ ಎಂದು ಕೇಳುಗರಿಗೆ ತೋರಬಹುದು. ಆದರೆ ಹಿಂದೊಮ್ಮೆ ಬ್ಯಾಂಕಿನಿಂದ ಸಾಲ ಪಡೆದ ಕಡೂರಿನ ರೈತ ಮತ್ತೆ ಸಾಲ ಕೇಳಲು ಹೋದಾಗ, ಅವನು ಬಾಯಿ ತೆರೆಯುವ ಮೊದಲೇ ಮೇಜಿನ ಆಚೆ ಕುಳಿತವರ ಮುಂದೆ ಅವನದೊಂದು ಪುಟ ತೆರೆದಿರುತ್ತದೆ. ಆ ಪುಟವನ್ನು ಅವನು ಬರೆದದ್ದಲ್ಲ; ಅನೇಕ ಸಂದರ್ಭಗಳಲ್ಲಿ ಅವನು ನೋಡಿದ್ದೂ ಅಲ್ಲ.

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆಯೆಂದೇ ಹೆಸರು. 1863ರಲ್ಲಿ ಜಿಲ್ಲೆ ಏರ್ಪಟ್ಟು ಒಂದೆರಡು ವರ್ಷಗಳಲ್ಲೇ ಕಚೇರಿ ಚಿಕ್ಕಮಗಳೂರಿಗೆ ಹೊರಟುಹೋಯಿತು, ಹೆಸರು ಮಾತ್ರ ಕಡೂರಿನ ಪಾಲಿಗೆ ಉಳಿಯಿತು. ಪಶ್ಚಿಮದ ಬೆಟ್ಟಗಳು ಕಾಫಿಯ ಖ್ಯಾತಿಯನ್ನು ಹೊತ್ತುಕೊಂಡವು. ಪೂರ್ವದ ಈ ಭಾಗ ರಾಗಿ, ತೆಂಗು, ಅಡಿಕೆ, ಈರುಳ್ಳಿಗಳನ್ನು ನಂಬಿ ಬದುಕಿತು. ತರೀಕೆರೆ ಎಂದೊಡನೆ ಮಕ್ಕಳ ನಾಲಿಗೆ ತೊಡರಿಸುವ ಕುರಿಮರಿಗಳ ಮಾತು ಎಲ್ಲರಿಗೂ ನೆನಪಾದೀತು. ಅಮೃತಮಹಲ್ ದನಗಳಿಗೆ ಹೆಸರಾದ ಅಜ್ಜಂಪುರ ಈಚೆಗೆ ತರೀಕೆರೆಯಿಂದ ಬೇರೆಯಾಗಿ ತಾನೇ ತಾಲ್ಲೂಕಾಗಿದೆ. ಬೆಂಗಳೂರು-ಹರಿಹರದ ರೈಲು 1889ರಲ್ಲಿ ಈ ದಾರಿಯಾಗಿ ಬಂತು. ಹತ್ತು ವರ್ಷಗಳ ಮೇಲೆ ಬೀರೂರಿನಿಂದ ಶಿವಮೊಗ್ಗೆಗೆ ಕವಲೊಡೆಯಿತು. ರೈಲು ಬಂದಲ್ಲಿ ಮಂಡಿ, ಮಂಡಿ ಇದ್ದಲ್ಲಿ ಮುಂಗಡ, ಮುಂಗಡ ಇದ್ದಲ್ಲಿ ಲೆಕ್ಕದ ಪುಸ್ತಕ. ಮಳೆ ತಪ್ಪಿದ ವರ್ಷ ಹೊಲದವನು, ಬೆಲೆ ಬಿದ್ದ ವರ್ಷ ತೋಟದವನು. ಸಾಲ ಕಾಣದ ಮನೆ ಇಲ್ಲಿ ಅಪರೂಪ.

ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಯಶೋಧರ ಚರಿತೆಯ ಕವಿ ಜನ್ನ. ದಾನ ಕೊಟ್ಟವನಿಗೆ ಕಲ್ಲು ದೊರೆಯಿತು, ಮಹಾಕವಿಯೂ ದೊರೆತ. ಸೂರ್ಯಚಂದ್ರರಿರುವವರೆಗೆ ಎಲ್ಲರೂ ಓದಲಿ ಎಂಬುದೇ ಅದರ ಆಶಯ. ಸಾಲಕ್ಕೆ ಸಾಮಾನ್ಯವಾಗಿ ಇಂಥ ವೈಭವ ಇರಲಿಲ್ಲ. ಅದಕ್ಕೆ ದೊರೆತದ್ದು ಕಡತ.

ಕಡತವನ್ನು ಇಂದಿನವರು ಕಚೇರಿಯ ಫೈಲು ಎಂಬ ಅರ್ಥದಲ್ಲಿ ಮಾತ್ರ ಬಲ್ಲರು. ನಿಜವಾದ ಕಡತವೆಂದರೆ ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಪದರ ಪದರವಾಗಿ ಮಡಿಸಿದ ಕರಿಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳೂ ಶಾನುಭೋಗರೂ ಮಠಗಳವರೂ ಲೆಕ್ಕವಿಟ್ಟದ್ದು ಇದರಲ್ಲಿ. ಹಿಂದೆ ಕಡೂರು ಜಿಲ್ಲೆಗೇ ಸೇರಿದ್ದ ಶೃಂಗೇರಿಯ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ದೊಡ್ಡ ಆಸ್ತಿ. ಈ ಕಡತಕ್ಕೆ ಒಂದು ವಿಶೇಷ ಗುಣವಿತ್ತು. ಬರೆದದ್ದು ಬಹುಕಾಲ ನಿಲ್ಲುತ್ತಿತ್ತು. ಆದರೆ ಬೇಕೆಂದಾಗ ಒರೆಸಿ ಅದರ ಮೇಲೆಯೇ ಮತ್ತೆ ಬರೆಯಬಹುದಾಗಿತ್ತು. ಲೆಕ್ಕ ಚುಕ್ತಾ ಆದ ಮೇಲೆ ಆ ಸಾಲನ್ನು ಒರೆಸಿಬಿಡುವುದಕ್ಕೆ ಅಡ್ಡಿಯಿರಲಿಲ್ಲ. ಒರೆಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದು ಬೇರೆ ಮಾತು, ಅದಕ್ಕೆ ಬರುತ್ತೇನೆ.

ಬೀರೂರಿನ ಮಂಡಿಯೊಂದರಲ್ಲಿ ಬಹುಕಾಲ ಗುಮಾಸ್ತರಾಗಿದ್ದ ಹಿರಿಯರೊಬ್ಬರನ್ನು ನಾನು ಬಲ್ಲೆ. ಕಡತದ ಕಾಲ ಅವರದಲ್ಲ. ಕೆಂಪು ಬಟ್ಟೆಯ ರಟ್ಟಿನ ಕಿರ್ದಿ, ಖಾತೆ ಪುಸ್ತಕಗಳ ಕಾಲ. ಹೊಸಬನೊಬ್ಬ ಕೊಬ್ಬರಿಯ ಮೇಲೆ ಮುಂಗಡ ಕೇಳಿ ಬಂದರೆ ಯಜಮಾನರು ಅವನ ಊರಿನವನೇ ಆದ ಮತ್ತೊಬ್ಬ ಖಾತೆದಾರನನ್ನು ಬದಿಗೆ ಕರೆದು, "ಆಸಾಮಿ ಹ್ಯಾಗೆ?" ಎಂದು ಕೇಳುತ್ತಿದ್ದರಂತೆ. ಉತ್ತರವೂ ಚಿಕ್ಕದೇ. "ಪರವಾಗಿಲ್ಲ" ಎಂದರೆ ನೂರು ರೂಪಾಯಿ, "ಮನೆತನಸ್ಥರು" ಎಂದರೆ ಇನ್ನೂರು, ಸುಮ್ಮನೆ ನಕ್ಕರೆ ಏನೂ ಇಲ್ಲ. ಇದೇ ಆ ದಿನದ ಕ್ರೆಡಿಟ್ ಬ್ಯೂರೋ. ಇದರಲ್ಲಿ ಚಾಡಿಗೆ ಎಡೆಯಿತ್ತು, ಜಾತಿಗೆ ಎಡೆಯಿತ್ತು, ಹಳೆಯ ಬೇಲಿ ಜಗಳದ ಸೇಡಿಗೂ ಎಡೆಯಿತ್ತು. ಹಳೆಯದೆಲ್ಲ ಒಳ್ಳೆಯದೆಂದು ಹಾಡುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು: ತನ್ನ ಮೇಲೆ ಚಾಡಿ ಹೇಳಿದವನು ಯಾರು ಎಂಬುದು ಆಸಾಮಿಗೆ ಸಂಜೆಯೊಳಗೆ ಗೊತ್ತಾಗುತ್ತಿತ್ತು.

ಪುಸ್ತಕ ಸಾಹುಕಾರನದು, ಬರವಣಿಗೆ ಅವನದು, ಓದು ಬರುವುದೂ ಅವನಿಗೇ. ಈ ಏರ್ಪಾಡು ಎಲ್ಲಿಗೆ ಮುಟ್ಟೀತೆಂಬುದನ್ನು ದಖನ್ನಿನ ದಂಗೆ ತೋರಿಸಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆ ಎಂಬ ಸಂತೆಯೂರಿನಲ್ಲಿ ರೈತರು ಸಾಹುಕಾರರ ಮೇಲೆ ಬಿದ್ದರು. ಅವರು ಮುಖ್ಯವಾಗಿ ಹುಡುಕಿದ್ದು ಹಣವನ್ನಲ್ಲ, ಕಾಗದವನ್ನು. ಸಾಲಪತ್ರಗಳು, ಲೆಕ್ಕದ ಪುಸ್ತಕಗಳು, ಕೋರ್ಟಿನ ಡಿಕ್ರಿಗಳು ಕೈಗೆ ಸಿಕ್ಕಿದಲ್ಲಿ ಬೀದಿಯಲ್ಲಿ ಸುಟ್ಟವು. ಪತ್ರಗಳನ್ನು ತೆಗೆದುಕೊಟ್ಟ ಸಾಹುಕಾರನನ್ನು ಎಷ್ಟೋ ಕಡೆ ಮುಟ್ಟದೆ ಬಿಟ್ಟರು. ಒರೆಸುವ ಅಧಿಕಾರವಿಲ್ಲದವನು ಸುಡುವುದಕ್ಕೆ ಹೊರಟದ್ದು ಹೀಗೆ. ನಾಲ್ಕು ವರ್ಷಗಳ ಮೇಲೆ, 1879ರಲ್ಲಿ, ಸರ್ಕಾರ ಮಾಡಿದ ದಖನ್ ರೈತರ ಪರಿಹಾರ ಕಾಯಿದೆಯಲ್ಲಿ ಒಂದು ಸಣ್ಣ ಏರ್ಪಾಡು ಸೇರಿತು: ರೈತ ಹಣ ಕಟ್ಟಿದಾಗ ರಸೀತಿ ಕೊಡಬೇಕು, ಲೆಕ್ಕದ ವಿವರ ಕೊಡಬೇಕು, ಕೇಳಿದರೆ ಪಾಸ್‌ಬುಕ್ಕು ಬರೆದುಕೊಡಬೇಕು. ಬಡ್ಡಿಯ ವಿಚಾರದಲ್ಲಿ ಆ ಕಾಯಿದೆ ಏನು ಸಾಧಿಸಿತು ಎಂಬುದರ ಬಗೆಗೆ ವಿದ್ವಾಂಸರಲ್ಲಿ ವಾದಗಳಿವೆ. ಆದರೆ ಸಾಲಗಾರನು ತನ್ನ ಪುಟವನ್ನು ತಾನು ನೋಡಬಹುದೆಂಬ ಮಾತು ನಮ್ಮ ನಾಡಿನ ಶಾಸನದಲ್ಲಿ ಕಾಲಿಟ್ಟದ್ದು ಇಂಥ ಕಲಮುಗಳಿಂದ. ಮೈಸೂರು ಸಂಸ್ಥಾನವೂ 1928ರಲ್ಲಿ ರೈತರ ಪರಿಹಾರದ ಶಾಸನವನ್ನು ಮಾಡಿತು. ನಮ್ಮ ರಾಜ್ಯದ 1961ರ ಲೇವಾದೇವಿಗಾರರ ಕಾಯಿದೆಯೂ ಲೆಕ್ಕದ ವಿವರ, ರಸೀತಿಗಳನ್ನು ಕಡ್ಡಾಯ ಮಾಡಿತು. ಕಾಯಿದೆಯ ಪುಸ್ತಕದಿಂದ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ಇರುವ ದೂರವನ್ನು ನಾನು ಅಳೆಯುವುದಕ್ಕೆ ಹೋಗುವುದಿಲ್ಲ.

ಇನ್ನೊಂದು ಕಡೆ ಸರ್ಕಾರವೇ ಸಾಲದ ಪುಸ್ತಕವನ್ನು ಇಟ್ಟಿತು. ಅದು ಸಬ್‌ರಿಜಿಸ್ಟ್ರಾರರ ಕಚೇರಿ. ಮನೆ, ತೋಟ ಕೊಳ್ಳುವವರು ಹದಿಮೂರು ವರ್ಷದ ಇ.ಸಿ., ಮೂವತ್ತು ವರ್ಷದ ಇ.ಸಿ. ಎಂದು ಅಲೆಯುವುದು ಎಲ್ಲರಿಗೂ ಗೊತ್ತಿದೆ. ಆಸ್ತಿಯ ಮೇಲೆ ಯಾವ ಋಣಭಾರವಿದೆ ಎಂಬುದನ್ನು ತಿಳಿಸುವ ಕಾಗದ ಅದು. ಆದರೆ 1908ರ ನೋಂದಣಿ ಕಾಯಿದೆಯ 57ನೆಯ ಪ್ರಕರಣವನ್ನು ಓದಿದವರು ಕಡಿಮೆ. ಸ್ಥಿರಾಸ್ತಿಯ ಪತ್ರಗಳು, ಅಂದರೆ ಕ್ರಯ, ಅಡಮಾನ, ಭೋಗ್ಯ ಇವೆಲ್ಲ ಸೇರುವುದು 1ನೆಯ ಪುಸ್ತಕಕ್ಕೆ. ಶುಲ್ಕ ಕಟ್ಟಿದ ಯಾರು ಬೇಕಾದರೂ ಅದನ್ನು ನೋಡಬಹುದು. ಜಮೀನಿನ ಆಧಾರವಿಲ್ಲದ ಬರಿಯ ಸಾಲಪತ್ರವನ್ನು ನೋಂದಾಯಿಸಿದರೆ ಅದು ಸೇರುವುದು 4ನೆಯ ಪುಸ್ತಕಕ್ಕೆ. ಅದರ ನಕಲು ಬರೆದುಕೊಟ್ಟವನಿಗೂ ಅದರಿಂದ ಹಕ್ಕು ಪಡೆದವನಿಗೂ ಮಾತ್ರ. ಆಸ್ತಿಯ ಋಣ ಲೋಕಕ್ಕೆ ತಿಳಿಯಬೇಕು, ಏಕೆಂದರೆ ನಾಳೆ ಕೊಳ್ಳುವವನು ಮೋಸಹೋಗಬಾರದು. ಮನುಷ್ಯನ ಋಣ ಅವರಿಬ್ಬರಲ್ಲೇ ಇರಬೇಕು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಖಾಸಗಿತನವೆಂಬ ಪದವೇ ನಮ್ಮಲ್ಲಿ ಬಳಕೆಗೆ ಬರುವ ಮೊದಲು, ಯಾರೋ ಕರಡು ಬರೆಯುವ ಅಧಿಕಾರಿ ಇಷ್ಟು ಸೂಕ್ಷ್ಮವಾದ ಗೆರೆಯನ್ನು ಎಳೆದಿಟ್ಟಿದ್ದಾನೆ. ನನಗೆ ಇದನ್ನು ಓದಿದಾಗಲೆಲ್ಲ ಆಶ್ಚರ್ಯವಾಗುತ್ತದೆ.

ಈ ಗೆರೆ ರೈತನ ಪಾಲಿಗೆ ಮಾತ್ರ ಅಳಿಸಿಹೋಗಿದೆ. 1974ರ ಕೃಷಿ ಸಾಲದ ಕಾಯಿದೆ ಬಂದ ಮೇಲೆ, ರಿಜಿಸ್ಟ್ರಾರರ ಮುಂದೆ ಹೋಗದೆಯೇ ಒಂದು ಘೋಷಣೆಯನ್ನು ಬರೆದುಕೊಟ್ಟು ಬೆಳೆಸಾಲ ಪಡೆಯುವುದು ಸುಲಭವಾಯಿತು, ಒಳ್ಳೆಯದೇ. ಅದರ ಬೆಲೆಯಾಗಿ ಆ ಸಾಲ ಪಹಣಿಯ 11ನೆಯ ಕಲಮಿನಲ್ಲಿ, ಋಣಗಳು ಎಂಬ ತಲೆಬರಹದ ಕೆಳಗೆ, ಬ್ಯಾಂಕಿನ ಹೆಸರು ಮತ್ತು ಮೊಬಲಗಿನ ಸಹಿತ ಹತ್ತಿ ಕೂಡುತ್ತದೆ. ಶಾನುಭೋಗರ ಕೈಬರಹದ ಕಾಲದಲ್ಲಿ ಅದನ್ನು ನೋಡಲು ಶಾನುಭೋಗರ ಕೃಪೆ ಬೇಕಾಗಿತ್ತು. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಯಂತ್ರಕ್ಕೆ ಏರಿದ ಮೇಲೆ ಹದಿನೈದು ರೂಪಾಯಿ ಕೊಟ್ಟವನಿಗೆ ಯಾರ ಪಹಣಿಯಾದರೂ ಸಿಕ್ಕತೊಡಗಿತು. ಲಂಚ ತಗ್ಗಿತು, ತಿದ್ದುಪಡಿಯ ಮೋಸ ತಗ್ಗಿತು. ಆ ಯೋಜನೆಗೆ ಬಂದ ಹೊಗಳಿಕೆ ಅನ್ಯಾಯವಾದುದಲ್ಲ. ಆದರೆ ಕಡೂರು ಕಡೆಯ ನನ್ನ ಬಂಧುಗಳಲ್ಲಿ ಒಂದು ಸಂಬಂಧ ಕುದುರುವ ಹೊತ್ತಿಗೆ ಬೀಗರ ಕಡೆಯವರು ಹುಡುಗನ ಅಪ್ಪನ ಪಹಣಿಯನ್ನು ತೆಗೆಸಿ, 11ನೆಯ ಕಲಮನ್ನು ಓದಿ, ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಪಟ್ಟಣದ ಉದ್ಯೋಗಸ್ಥ ಸ್ಕೂಟರಿಗೆ, ಮಗಳ ಮದುವೆಗೆ, ಕ್ರೆಡಿಟ್ ಕಾರ್ಡಿನ ಬಾಕಿಗೆ ಮಾಡಿದ ಸಾಲ ಅವನ ಬೀಗರಿಗೆ ತಿಳಿಯುವ ಬಗೆಯೇ ಇಲ್ಲ. ಕಂಪನಿಗಳು ಆಸ್ತಿಯ ಮೇಲೆ ಮಾಡಿದ ಸಾಲವನ್ನು ಕಂಪನಿ ರಿಜಿಸ್ಟ್ರಾರರಲ್ಲಿ ಯಾರಾದರೂ ನೋಡಬಹುದು, ನಿಜ. ಆದರೆ ಕಂಪನಿಗೆ ಬೀಗರಿಲ್ಲ.

ಬ್ಯಾಂಕಿನವರು ಗಿರಾಕಿಯ ಗುಟ್ಟನ್ನು ಕಾಯಬೇಕೆಂಬ ನಿಯಮಕ್ಕೆ ಮೂಲವಾದದ್ದು ಇಂಗ್ಲೆಂಡಿನ ಒಂದು ಮೊಕದ್ದಮೆ. ಟೂರ್ನಿಯರ್ ಎಂಬ ಬಡ ನೌಕರ ಹತ್ತು ಪೌಂಡಿಗೂ ಕಡಿಮೆಯ ಬಾಕಿಯನ್ನು ವಾರಕ್ಕೊಂದು ಪೌಂಡಿನಂತೆ ತೀರಿಸುವುದಾಗಿ ಒಪ್ಪಿ ತಪ್ಪಿದ. ಬ್ಯಾಂಕಿನ ಮ್ಯಾನೇಜರು ಅವನ ವಿಳಾಸ ಕೇಳುವ ನೆಪದಲ್ಲಿ ಅವನ ಧಣಿಗಳಿಗೆ ದೂರವಾಣಿ ಮಾಡಿ, ಬಾಕಿಯ ಸಂಗತಿಯನ್ನೂ, ಅವನು ಜೂಜಿನವರೊಡನೆ ವ್ಯವಹರಿಸುತ್ತಾನೆಂಬ ಗುಮಾನಿಯನ್ನೂ ಹೇಳಿಬಿಟ್ಟ. ಟೂರ್ನಿಯರನ ಕೆಲಸ ಹೋಯಿತು. 1924ರಲ್ಲಿ ಮೇಲ್ಮನವಿ ನ್ಯಾಯಾಲಯ, ಗಿರಾಕಿಯ ವ್ಯವಹಾರವನ್ನು ಹೊರಗೆಡಹದಿರುವುದು ಬ್ಯಾಂಕಿನ ಕರಾರಿನಲ್ಲೇ ಅಡಗಿರುವ ಕರ್ತವ್ಯವೆಂದು ಹೇಳಿ, ನಾಲ್ಕೇ ನಾಲ್ಕು ವಿನಾಯಿತಿಗಳನ್ನು ಇಟ್ಟಿತು. ನಮ್ಮ ಬ್ಯಾಂಕುಗಳು 1969ರಲ್ಲಿ ರಾಷ್ಟ್ರೀಕರಣಗೊಂಡು 1970ರ ಕಾಯಿದೆ ಬಂದಾಗ ಅದರ 13ನೆಯ ಪ್ರಕರಣದಲ್ಲಿ ಈ ಗುಟ್ಟಿನ ಕರ್ತವ್ಯ ಬರಹದಲ್ಲೇ ಸೇರಿತು.

ಆದರೆ ಗುಟ್ಟನ್ನು ಮಾರುವುದೇ ಒಂದು ವ್ಯಾಪಾರವಾಗಬಹುದೆಂದು ಅಮೆರಿಕದವರು ಅದಕ್ಕೂ ಬಹಳ ಮೊದಲೇ ಕಂಡುಕೊಂಡಿದ್ದರು. ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟ್ಯಾಪನ್ 1837ರ ಆರ್ಥಿಕ ಕುಸಿತದಲ್ಲಿ ಪೆಟ್ಟು ತಿಂದು, 1841ರಲ್ಲಿ ಮರ್ಕಂಟೈಲ್ ಏಜೆನ್ಸಿ ಎಂಬ ಸಂಸ್ಥೆಯನ್ನು ತೆರೆದ. ಊರೂರಿನ ವಕೀಲರು ತಮ್ಮ ಊರಿನ ಅಂಗಡಿಕಾರರ ಗುಣ, ನಡತೆ, ಆಸ್ತಿಗಳನ್ನು ಬರೆದು ಕಳಿಸುವುದು. ಅದನ್ನು ದೊಡ್ಡ ದೊಡ್ಡ ಲೆಡ್ಜರುಗಳಿಗೆ ಏರಿಸಿ, ಚಂದಾದಾರರಿಗೆ ಓದಿ ಹೇಳುವುದು. ಹೀಗೆ ಬರೆದು ಕಳಿಸಿದ ವಕೀಲರಲ್ಲಿ ಅಬ್ರಹಾಂ ಲಿಂಕನ್ ಕೂಡ ಒಬ್ಬ. ಬೀರೂರಿನ ಯಜಮಾನರ "ಆಸಾಮಿ ಹ್ಯಾಗೆ" ಎಂಬ ಪ್ರಶ್ನೆಯೇ ಇದು. ಉತ್ತರ ಮಾತ್ರ ಸಾವಿರ ಮೈಲಿಯಾಚೆ, ಆಸಾಮಿಯ ಕಿವಿಗೆ ಎಂದೂ ಬೀಳದ ಕಡೆ. 1899ರಲ್ಲಿ ಅಟ್ಲಾಂಟಾ ನಗರದಲ್ಲಿ ಇಬ್ಬರು ಸೋದರರು ಆರಂಭಿಸಿದ ರಿಟೇಲ್ ಕ್ರೆಡಿಟ್ ಕಂಪನಿ ಇದನ್ನು ಅಂಗಡಿಕಾರರಿಂದ ಸಾಮಾನ್ಯ ಸಂಸಾರಸ್ಥರಿಗೆ ವಿಸ್ತರಿಸಿತು. ಯಾರು ಕುಡಿಯುತ್ತಾರೆ, ಯಾರ ದಾಂಪತ್ಯ ಸರಿಯಿಲ್ಲ ಎಂಬುದೆಲ್ಲ ಅದರ ಕಡತಕ್ಕೆ ಬಂತು. ಗಲಾಟೆಯಾಗಿ 1970ರಲ್ಲಿ ಅಮೆರಿಕದ ಶಾಸನಸಭೆ ನ್ಯಾಯಯುತ ಸಾಲವರದಿಯ ಕಾಯಿದೆಯನ್ನು ಮಾಡಿತು: ಜನ ತಮ್ಮ ಕಡತದಲ್ಲಿ ಏನಿದೆಯೆಂದು ತಿಳಿಯಬಹುದು, ತಪ್ಪಿದ್ದರೆ ತಕರಾರು ಹೂಡಬಹುದು, ಏಳು ವರ್ಷ ಮೀರಿದ ಬಾಕಿಯ ಸಂಗತಿಗಳನ್ನು ಸಾಮಾನ್ಯವಾಗಿ ವರದಿಯಲ್ಲಿ ಹೇಳಬಾರದು. ಕಂಪನಿ 1975ರಲ್ಲಿ ಹೆಸರು ಬದಲಿಸಿ ಈಕ್ವಿಫ್ಯಾಕ್ಸ್ ಆಯಿತು. 2017ರಲ್ಲಿ ಸುಮಾರು 14.7 ಕೋಟಿ ಜನರ ವಿವರಗಳು ಕಳ್ಳರ ಪಾಲಾದದ್ದು ಇದೇ ಕಂಪನಿಯ ಉಗ್ರಾಣದಿಂದ. ನಮ್ಮ ದೇಶದಲ್ಲಿ 2010ರಿಂದ ಸಾಲದ ಮಾಹಿತಿಯನ್ನು ಇಡುತ್ತಿರುವ ಕಂಪನಿಗಳಲ್ಲಿ ಅದೂ ಒಂದು.

ನಮ್ಮಲ್ಲಿ ಮೊದಲನೆಯದು ಸಿಬಿಲ್, 2000ದಲ್ಲಿ ಹುಟ್ಟಿದ್ದು. ಈಗ ನಾಲ್ಕು ಕಂಪನಿಗಳಿವೆ. ಹಳ್ಳಿಯ ಬಾಯಲ್ಲಿ ಮಾತ್ರ ನಾಲ್ಕಕ್ಕೂ "ಸಿಬಿಲ್ಲು" ಎಂಬುದೇ ಹೆಸರು. ಶಾಸನ ಬರುವ ಮೊದಲು ಸಾಲದ ಅರ್ಜಿಯ ಸಣ್ಣಕ್ಷರದಲ್ಲಿ ಒಪ್ಪಿಗೆಯ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದರು. 2005ರಲ್ಲಿ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯಿದೆಯಾಗಿ, 2006ರ ಡಿಸೆಂಬರ್ 14ರಂದು ಜಾರಿಗೆ ಬಂದ ಮೇಲೆ ಒಪ್ಪಿಗೆಯ ಪ್ರಶ್ನೆಯೇ ಉಳಿಯಲಿಲ್ಲ; ಮಾಹಿತಿ ಕೊಡುವುದು ಬ್ಯಾಂಕಿಗೆ ಕಡ್ಡಾಯವಾಯಿತು. 2015ರಲ್ಲಿ ರಿಸರ್ವ್ ಬ್ಯಾಂಕು, ಸಾಲ ಕೊಡುವ ಸಂಸ್ಥೆಗಳೆಲ್ಲ ಎಲ್ಲ ಕಂಪನಿಗಳಿಗೂ ಸದಸ್ಯರಾಗಬೇಕೆಂದು ಆಜ್ಞೆ ಮಾಡಿತು. ಕಾಯಿದೆಯಲ್ಲಿ ಸಾಲಗಾರನ ಪರವಾದ ಮಾತುಗಳಿಲ್ಲವೆಂದಲ್ಲ. ಗೋಪ್ಯತೆಯ ತತ್ವಗಳಿವೆ, ಅಧಿಕಾರವಿಲ್ಲದೆ ಇಣುಕಿದವರಿಗೆ ದಂಡವಿದೆ, ಪ್ರತಿ ಕೇಳುವ, ತಿದ್ದಿಸುವ ಹಕ್ಕಿದೆ, ತಿದ್ದಲು ಮೂವತ್ತು ದಿನಗಳ ಗಡುವಿದೆ. ಆದರೆ ಪ್ರತಿಗೆ ಹಣ ಕಟ್ಟಬೇಕಾಗಿತ್ತು. 2017ರ ಜನವರಿಯಿಂದ ಮಾತ್ರ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಬಿಟ್ಟಿಯಾಗಿ ಕೊಡಬೇಕೆಂಬ ನಿಯಮ ಬಂತು. ಇವುಗಳ ಮೇಲಿನ ದೂರುಗಳು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರ ವ್ಯಾಪ್ತಿಗೆ ಸೇರಿದ್ದು 2022ರ ಸೆಪ್ಟೆಂಬರಿನಲ್ಲಿ. ಮೂವತ್ತು ದಿನ ಮೀರಿದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂಬುದು 2024ರ ಏಪ್ರಿಲ್ 26ರಿಂದ. ದಖನ್ ಕಾಯಿದೆಯ ಪಾಸ್‌ಬುಕ್ಕಿಗೂ ಈ ಬಿಟ್ಟಿ ಪ್ರತಿಗೂ ನಡುವೆ 138 ವರ್ಷಗಳು.

ಅಜ್ಜಂಪುರದ ಕಡೆಯ ಅಡಿಕೆ ಬೆಳೆಗಾರರೊಬ್ಬರು, ನನ್ನ ಹಳೆಯ ಪರಿಚಯದವರು, ಕೊಳವೆಬಾವಿಗಾಗಿ ಸಾಲ ಕೇಳಿ ಇಲ್ಲವೆನ್ನಿಸಿಕೊಂಡು ಬಂದಿದ್ದರು. ಏಕೆಂದು ಕೇಳಿದರೆ "ಸಿಬಿಲ್ಲು ಕಮ್ಮಿ" ಎಂದರಂತೆ. ಅವರ ಮಗನ ಮೊಬೈಲಿನಿಂದ ಬಿಟ್ಟಿ ಪ್ರತಿಯನ್ನು ತರಿಸಿ, ಅಂಗಡಿಯಲ್ಲಿ ಅಚ್ಚು ಹಾಕಿಸಿ ನನ್ನ ಬಳಿಗೆ ತಂದರು. ಪ್ರತಿ ಇಂಗ್ಲಿಷಿನಲ್ಲಿತ್ತು. "ಸ್ವಲ್ಪ ಓದಿ ಹೇಳಿ ಸ್ವಾಮಿ" ಎಂದವರು, ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಎದ್ದು ಹೋಗಿ ಬೀದಿಯ ಬಾಗಿಲನ್ನು ಮುಂದೆ ಮಾಡಿ ಬಂದರು. ಅವರ ಸ್ವಂತ ಸಾಲಗಳೆಲ್ಲ ನೆಟ್ಟಗಿದ್ದವು. ಕೆಡಿಸಿದ್ದು ಭಾವಮೈದುನನ ಟ್ರ್ಯಾಕ್ಟರಿನ ಸಾಲಕ್ಕೆ ಹಾಕಿದ್ದ ಜಾಮೀನು. ಆ ಸಾಲ ಬಾಕಿ ಬಿದ್ದು, ಬ್ಯಾಂಕಿನವರೇ ಕರೆದು, ಇಷ್ಟಕ್ಕೆ ತೀರಿಸಿಬಿಡಿ ಎಂದು ಒಂದೇ ಕಂತಿನ ರಾಜಿ ಮಾಡಿ ಮುಗಿಸಿದ್ದರು. ಪುಟದಲ್ಲಿ ಅದರ ಮುಂದಿದ್ದ ಷರಾ "ಸೆಟಲ್ಡ್". ನಾನು ಅದನ್ನು ಓದಿದಾಗ ಅವರ ಮುಖ ಅರಳಿತು. "ಅಲ್ಲಿಗೆ ತೀರಿತು ಅಂತ ಅವರೇ ಬರ್ಕೊಂಡಿದ್ದಾರಲ್ಲ, ಮತ್ತೇನಂತೆ?" ಎಂದರು. ಪೂರ್ತಿ ಕಟ್ಟಿದ್ದರೆ "ಕ್ಲೋಸ್ಡ್" ಎಂದಿರಬೇಕು, "ಸೆಟಲ್ಡ್" ಎಂದರೆ ಕಡಿಮೆ ಕಟ್ಟಿದ್ದಾನೆಂಬ ಕಳಂಕ ಎಂದು ನಾನು ವಿವರಿಸಬೇಕಾಯಿತು. ಅವರು ಬಹಳ ಹೊತ್ತು ಸುಮ್ಮನಿದ್ದು, "ನಂದು ತಪ್ಪಿದ್ರೆ ಎದುರಿಗೆ ಕರ್ದು ಬೈಬಹುದಾಗಿತ್ತು. ಹಿಂಗೆ ಬರ್ದಿಟ್ರೆ ನಾನು ಯಾರ ಹತ್ರ ಹೇಳ್ಕೊಳ್ಳಿ?" ಎಂದರು.

ಈ ಎರಡು ಇಂಗ್ಲಿಷ್ ಪದಗಳ ನಡುವೆ ನಮ್ಮ ಒಂದು ನಡವಳಿಕೆಯೇ ಮುಳುಗಿಹೋಗಿದೆ. ನಮ್ಮ ಹಳ್ಳಿಗಳಲ್ಲಿ ರಾಜಿಯೆಂದರೆ ಮರ್ಯಾದೆಯ ಮುಕ್ತಾಯ. ನಾಲ್ಕು ಜನ ಕುಳಿತು, ಬಡ್ಡಿಯಲ್ಲಿ ಇಷ್ಟು ಬಿಡಿಸಿ, ಉಳಿದದ್ದನ್ನು ಎಣಿಸಿಕೊಟ್ಟ ಮೇಲೆ ಸಾಹುಕಾರ ಎಲ್ಲರೆದುರು ಪತ್ರವನ್ನು ಹರಿದುಹಾಕಬೇಕು. ಹರಿದ ಮೇಲೆ ಅದರ ಮಾತನ್ನು ಎತ್ತುವವನದೇ ತಪ್ಪು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಬಂದ 1976ರ ಋಣ ಪರಿಹಾರ ಕಾಯಿದೆಯೂ ಒಂದು ಬಗೆಯಲ್ಲಿ ಇದೇ ಕೆಲಸವನ್ನು ಮಾಡಿತು. ಸಣ್ಣ ರೈತರ, ಭೂಹೀನ ಕೂಲಿಕಾರರ, ದುರ್ಬಲ ವರ್ಗದವರ ಖಾಸಗಿ ಸಾಲದ ಪುಟಗಳನ್ನು ಸಾರಾಸಗಟಾಗಿ ಹರಿಯಿತು. ಅದರ ಮಾರನೆಯ ವರ್ಷ ಕೈಸಾಲ ಹುಟ್ಟುವುದೇ ಕಷ್ಟವಾಯಿತೆಂದು ಹಿರಿಯರು ಹೇಳುವುದುಂಟು. ಪುಟವನ್ನು ಬೇರೆಯವರು ಹರಿದರೆ ಸಾಹುಕಾರ ಬರೆಯುವುದನ್ನೇ ಬಿಡುತ್ತಾನೆ, ಇಲ್ಲವೆ ಇನ್ನೊಂದು ಪುಸ್ತಕದಲ್ಲಿ ಬರೆಯುತ್ತಾನೆ. ಅದಿರಲಿ. ನನ್ನನ್ನು ಕಾಡುವ ಸಂಗತಿ ಬೇರೆ. ಅಮೆರಿಕದ ಕಾಯಿದೆಯಲ್ಲಿ ಏಳು ವರ್ಷವೆಂಬುದು ಮೇಲಿನ ಮಿತಿ; ಅದು ದಾಟಿದರೆ ಹಳೆಯ ಬಾಕಿಯನ್ನು ಮತ್ತೆ ಹೇಳಕೂಡದು. ನಮ್ಮ 2006ರ ನಿಯಮಾವಳಿಯಲ್ಲೂ ಏಳು ವರ್ಷವೆಂದೇ ಇದೆ, ಆದರೆ ಕೆಳಗಿನ ಮಿತಿಯಾಗಿ: ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು. ಅಲ್ಲಿ ಮರೆವಿಗೆ ಕೊಟ್ಟ ಗಡುವು ಇಲ್ಲಿ ನೆನಪಿಗೆ ಕೊಟ್ಟ ಅಪ್ಪಣೆಯಾಗಿದೆ. ಕಡತದ ಬಟ್ಟೆಗಿದ್ದ ಗುಣ ಈ ಹೊಸ ಕಡತಕ್ಕೆ ಇಲ್ಲ.

ಹಾಗೆಂದು ಪುಟವೇ ಬೇಡವೆಂದರೆ ಆದೀತೆ? ಆಗದು. ಹೆಸರಿನಲ್ಲಿ ಒಂದು ಗುಂಟೆ ಜಮೀನಿಲ್ಲದ, ಆದರೆ ಹತ್ತು ವರ್ಷ ಸ್ವಸಹಾಯ ಸಂಘದ ಕಂತನ್ನು ತಪ್ಪದೆ ಕಟ್ಟಿದ ಹೆಂಗಸಿಗೆ ಆ ಪುಟವೇ ಪಹಣಿ. ಯಜಮಾನರ ಪಕ್ಕದಲ್ಲಿ ಸುಮ್ಮನೆ ನಗುವ ಖಾತೆದಾರನಿಂದ ಅವಳು ತಪ್ಪಿಸಿಕೊಂಡದ್ದು ಇದರಿಂದಲೇ. ಪುಟ ಇಲ್ಲದಿದ್ದರೆ ಆಗುವ ಅನಾಹುತವನ್ನೂ ನಾವು ಕಂಡಿದ್ದೇವೆ. ಒಬ್ಬಳೇ ಮಹಿಳೆಗೆ ನಾಲ್ಕೈದು ಕಿರುಸಾಲದ ಸಂಸ್ಥೆಗಳು ಒಂದರ ಮೇಲೊಂದು ಸಾಲ ಕೊಟ್ಟು, ವಸೂಲಿಗೆ ಮನೆಯ ಮುಂದೆ ನಿಂತು, ಊರು ಬಿಟ್ಟುಹೋಗುವಂತೆ, ಪ್ರಾಣ ಬಿಡುವಂತೆ ಮಾಡಿದ ಸುದ್ದಿಗಳು 2025ರ ಆರಂಭದಲ್ಲಿ ಕರ್ನಾಟಕದ ನಾನಾ ಜಿಲ್ಲೆಗಳಿಂದ ಬಂದವು. ಆ ವರ್ಷದ ಫೆಬ್ರವರಿ 12ರಂದು ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಶಿಕ್ಷೆ ಹತ್ತು ವರ್ಷ ಸೆರೆವಾಸ, ಐದು ಲಕ್ಷ ದಂಡದವರೆಗೆ. ಬಳಿಕ ಅದು ಕಾಯಿದೆಯಾಯಿತು. ಮನೆಯ ಎಲ್ಲ ಸಾಲಗಳ ಕಂತು ತಿಂಗಳ ವರಮಾನದ ಅರ್ಧವನ್ನು ಮೀರಬಾರದೆಂದು 2022ರಲ್ಲೇ ರಿಸರ್ವ್ ಬ್ಯಾಂಕು ವಿಧಿಸಿತ್ತು. ಆ ಅರ್ಧವನ್ನು ಲೆಕ್ಕ ಹಾಕಬೇಕಾದರೆ ಮನೆಯ ಸಾಲಗಳೆಲ್ಲ ಒಂದು ಕಡೆ ಕಾಣಬೇಕು. ಹೆಚ್ಚು ಕಂಡರೆ ಮಾನ ಹೋಗುತ್ತದೆ, ಕಾಣದಿದ್ದರೆ ಪ್ರಾಣ ಹೋಗುತ್ತದೆ ಎಂಬ ಇಕ್ಕಟ್ಟು ಇದು. ವಾರದ ಸಭೆಯಲ್ಲಿ ಹತ್ತು ಹೆಂಗಸರ ಮುಂದೆ ಒಬ್ಬಳ ಬಾಕಿಯನ್ನು ಕೂಗಿ ಹೇಳುವ ಪದ್ಧತಿ ಮಾತ್ರ ಯಾವ ಲೆಕ್ಕಕ್ಕೂ ಬೇಕಾದದ್ದಲ್ಲ.

ನ್ಯಾಯಾಲಯಗಳಲ್ಲಿ ಈ ವಿಷಯ ಬೆಳೆದ ಬಗೆಯಲ್ಲಿ ಕನ್ನಡನಾಡಿಗೆ ಒಂದಲ್ಲ ಎರಡು ಸಂಬಂಧಗಳಿವೆ. ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕು, ಸ್ಟಾಂಪಿನ ಕಾಯಿದೆಗೆ ಆಂಧ್ರಪ್ರದೇಶ ತಂದ ಒಂದು ತಿದ್ದುಪಡಿಯ ವಿಷಯದಲ್ಲಿ ಸುಪ್ರೀಂ ಕೋರ್ಟಿನವರೆಗೆ ಸೆಣಸಿತು. ಕಲೆಕ್ಟರರು ಕಳಿಸಿದ ಯಾರೇ ಆಗಲಿ ಬ್ಯಾಂಕಿಗೆ ನುಗ್ಗಿ ಗಿರಾಕಿಗಳ ಪತ್ರಗಳನ್ನು ಪರೀಕ್ಷಿಸಬಹುದೆಂಬ ತಿದ್ದುಪಡಿ ಅದು. 2004ರಲ್ಲಿ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿ, ತನ್ನ ಪತ್ರವನ್ನು ಬ್ಯಾಂಕಿನ ಕೈಗೆ ಕೊಟ್ಟ ಮಾತ್ರಕ್ಕೆ ಮನುಷ್ಯ ಅದರ ಗೋಪ್ಯತೆಯನ್ನು ಬಿಟ್ಟುಕೊಟ್ಟಂತಲ್ಲ ಎಂಬ ತತ್ವವನ್ನು ಎತ್ತಿಹಿಡಿಯಿತು. ಎರಡನೆಯದು ಪ್ರಸಿದ್ಧವೇ ಆಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರಿನ ವಿರುದ್ಧ ಹೂಡಿದ ಅರ್ಜಿಯಿಂದ ಎದ್ದ ಪ್ರಶ್ನೆಗೆ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಏಕಾಭಿಪ್ರಾಯದಿಂದ ಉತ್ತರ ಕೊಟ್ಟಿತು: ಖಾಸಗಿತನ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು 2024ರಲ್ಲಿ, ತೊಂಬತ್ತೆಂಟು ವರ್ಷ ವಯಸ್ಸಿನಲ್ಲಿ, ತೀರಿಕೊಂಡರು.

ಆ ತೀರ್ಪಿನ ಬೆನ್ನಲ್ಲಿ ಬಂದದ್ದು 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ. ತನ್ನ ವಿವರಗಳನ್ನು ತಿಳಿಯುವ, ತಿದ್ದಿಸುವ, ಅಳಿಸಿಸುವ ಹಕ್ಕು ಅದರಲ್ಲಿ ಹೆಸರು ಹಿಡಿದೇ ಬಂದಿದೆ. ಓದುತ್ತ ಹೋದಂತೆ ಎರಡು ಕಡೆ ಕಣ್ಣು ನಿಲ್ಲುತ್ತದೆ. ಬೇರೆ ಶಾಸನದ ಪ್ರಕಾರ ಇಟ್ಟುಕೊಳ್ಳಬೇಕಾದ ಮಾಹಿತಿಯನ್ನು ಅಳಿಸಬೇಕಾಗಿಲ್ಲ. ಅಲ್ಲಿಗೆ ನಮ್ಮ ಏಳು ವರ್ಷಗಳು ಭದ್ರ. ಇನ್ನೊಂದು 17ನೆಯ ಪ್ರಕರಣ. ಹಣಕಾಸು ಸಂಸ್ಥೆಯ ಸಾಲವನ್ನು ಬಾಕಿ ಉಳಿಸಿಕೊಂಡವನ ಆಸ್ತಿಪಾಸ್ತಿ, ಸಾಲಸೋಲಗಳನ್ನು ತಿಳಿಯುವ ಕೆಲಸಕ್ಕೆ ಈ ಹಕ್ಕುಗಳು ಅನ್ವಯಿಸುವುದಿಲ್ಲವೆಂದು ಅದು ಹೇಳುತ್ತದೆ. ಕಂತು ತಪ್ಪದವನಿಗೆ ತನ್ನ ಪುಟದ ಚಿಂತೆ ಅಷ್ಟಾಗಿ ಇರುವುದಿಲ್ಲ. ಹಕ್ಕು ಬೇಕಾಗುವುದು ತಪ್ಪಿದವನಿಗೆ, ಅವನನ್ನೇ ಬಾಗಿಲಿನ ಹೊರಗೆ ನಿಲ್ಲಿಸಿದ್ದಾರೆ. ವಂಚಕರನ್ನು ಹಿಡಿಯಲು ಇದು ಬೇಕೆಂಬ ವಾದ ನನಗೆ ತಿಳಿಯದ್ದಲ್ಲ. ಆದರೆ ಕೋಟಿ ನುಂಗಿ ಹಡಗು ಹತ್ತಿದವನನ್ನೂ ಮಳೆ ಕೈಕೊಟ್ಟ ವರ್ಷ ಕಂತು ತಪ್ಪಿದ ರೈತನನ್ನೂ ಒಂದೇ ಪದದಲ್ಲಿ ಕಟ್ಟಿಹಾಕುವುದು ಸರಿಯಾದ ಕರಡುಗಾರಿಕೆಯೆಂದು ನನಗೆ ತೋರುವುದಿಲ್ಲ. 1ನೆಯ ಪುಸ್ತಕ, 4ನೆಯ ಪುಸ್ತಕ ಎಂದು ವಿಂಗಡಿಸಿದ ಆ ಹಳೆಯ ಅಧಿಕಾರಿ ಇದ್ದಿದ್ದರೆ ಇಲ್ಲೊಂದು ಗೆರೆಯನ್ನು ಎಳೆಯುತ್ತಿದ್ದನೋ ಏನೋ. ಈ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ; ಮುಖ್ಯವಾದವು ಜಾರಿಗೆ ಬರಲು ಹದಿನೆಂಟು ತಿಂಗಳ ಅವಧಿಯನ್ನು ಇಟ್ಟಿದ್ದಾರೆ.

ಅಜ್ಜಂಪುರದ ಬೆಳೆಗಾರರು ಅದಕ್ಕಾಗಿ ಕಾಯಲಿಲ್ಲ. ಆ ವರ್ಷದ ಚೇಣಿಯ ಹಣ ಕೈಗೆ ಬಂದೊಡನೆ, ರಾಜಿಯಲ್ಲಿ ಬಿಟ್ಟಿದ್ದ ಮೊತ್ತವನ್ನೂ ಬ್ಯಾಂಕಿಗೆ ಕಟ್ಟಿ, ಬಾಕಿಯಿಲ್ಲವೆಂಬ ಪತ್ರವನ್ನು ಪಡೆದು ತಿದ್ದುಪಡಿಗೆ ಅರ್ಜಿ ಕೊಟ್ಟರು. ಭಾವಮೈದುನನಿಗೆ ಇದನ್ನು ಹೇಳಬೇಡಿರೆಂದು ನನಗೆ ಎರಡು ಸಲ ತಾಕೀತು ಮಾಡಿದರು. ತಿಂಗಳೊಪ್ಪತ್ತಿನಲ್ಲಿ ಪುಟ ಬದಲಾಯಿತು. "ಸೆಟಲ್ಡ್" ಎಂದಿದ್ದಲ್ಲಿ "ಕ್ಲೋಸ್ಡ್" ಎಂದು ಬಂತು. ಅದರ ಕೆಳಗೆ, ಕಂತು ತಪ್ಪಿದ ತಿಂಗಳುಗಳ ಪಟ್ಟಿ ಹಿಂದಿದ್ದಂತೆಯೇ ಇದೆ.